ಜಿಪುಣನ ಸೀಟಿ

ನನ್ನ ಕೈಬರಹ ಚೆನ್ನಾಗಿಲ್ಲ, ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ಶಾಲೆ ಬಿಟ್ಟು ಎರಡು ವರ್ಷವಾಯಿತು. ಅಕ್ಷರಗಳು ಗೆರೆಯಿಂದ ಕೆಳಗೆ ಜಾರುತ್ತವೆ. ದೊಡ್ಡ ದೊಡ್ಡ ಪದಗಳು ನನಗೆ ಬರುವುದಿಲ್ಲ, ಬಂದರೂ ಅವುಗಳ ಒತ್ತಕ್ಷರದ ಮೇಲೆ ಧೈರ್ಯವಿಲ್ಲ. ನಮ್ಮ ಬೀದಿಯ ಗ್ರಂಥಾಲಯದ ಮೇಡಂ ಕೆಲಸ ಹುಡುಕುವ ಹುಡುಗ ಹುಡುಗಿಯರಿಗಾಗಿ ಒಂದು ಪುಸ್ತಕ ಮಾಡುತ್ತಿದ್ದಾರೆ. ಒಬ್ಬೊಬ್ಬರು ತಾವು ಹತ್ತಿರದಿಂದ ಕಂಡ ಒಂದು ಕೆಲಸದ ಬಗ್ಗೆ, ಅದನ್ನು ಮಾಡುವವರ ಬಗ್ಗೆ ಬರೆಯಬೇಕಂತೆ. ಸಂಬಳ ಎಷ್ಟು, ಏನು ಸಿಗುತ್ತದೆ, ಏನು ಕಳೆಯುತ್ತದೆ ಎಲ್ಲ ಬರಲಿ, ಆದರೆ ಕಥೆ ಹೇಳಿದ ಹಾಗೆ ಇರಲಿ ಎಂದರು. ನನ್ನ ಅಪ್ಪ ಬೆಂಕಿ ಆರಿಸುವ ಕೆಲಸಕ್ಕೆ ಸೇರಿ ಇಪ್ಪತ್ತಮೂರು ವರ್ಷ ಹತ್ತು ತಿಂಗಳಾಯಿತು. ಆದ್ದರಿಂದ ಅವರ ಬಗ್ಗೆ ಬರೆಯುತ್ತಿದ್ದೇನೆ.

ಠಾಣೆಯಲ್ಲಿ ಅಪ್ಪನನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಎಲ್ಲರಿಗೂ ಅವರು ಜಿಪುಣ. ದುಡ್ಡಿನ ವಿಷಯದಲ್ಲಿ ಅವರದು ಬಿಚ್ಚುಗೈ, ಅದಕ್ಕಾಗಿ ಅಮ್ಮ ತಿಂಗಳಿಗೊಮ್ಮೆಯಾದರೂ ಬೈಯುತ್ತಾಳೆ. ಅವರ ಜಿಪುಣತನವೆಲ್ಲ ಗಾಳಿಯಲ್ಲಿ. ಹೊಗೆಯೊಳಗೆ ನುಗ್ಗುವಾಗ ಬೆನ್ನಿಗೆ ಗಾಳಿ ತುಂಬಿದ ಸಿಲಿಂಡರ್ ಕಟ್ಟಿಕೊಂಡು ಮುಖಕ್ಕೆ ಮಾಸ್ಕ್ ಹಾಕಿಕೊಳ್ಳುತ್ತಾರೆ. ಗಾಳಿ ಕಾಲು ಭಾಗಕ್ಕೆ ಇಳಿದ ಕೂಡಲೇ ಎದೆಯ ಹತ್ತಿರದ ಸೀಟಿಯೊಂದು ತಾನಾಗಿಯೇ ಕೂಗತೊಡಗುತ್ತದೆ. ಕೂಗಿದರೆ ಹೊರಗೆ ಬರಬೇಕು. ಸಿಲಿಂಡರ್ ಎಲ್ಲರದೂ ಒಂದೇ ಅಳತೆಯದು, ಆದರೆ ಉಸಿರು ಒಂದೇ ಅಳತೆಯದಲ್ಲ. ಗಾಬರಿ ಬೀಳುವವನು, ಮೈ ಭಾರದವನು ಬೇಗ ಖಾಲಿ ಮಾಡುತ್ತಾನೆ. ಹೆಚ್ಚಿನವರ ಸೀಟಿ ಇಪ್ಪತ್ತೈದು ನಿಮಿಷಕ್ಕೆ ಕೂಗಿದರೆ ಅಪ್ಪನದು ಮೂವತ್ತಮೂರಕ್ಕೆ ಕೂಗುತ್ತಿತ್ತು. ಅದಕ್ಕೇ ಆ ಹೆಸರು. ಚಿಕ್ಕವಳಿದ್ದಾಗ ಅದನ್ನು ಕೇಳಿದರೆ ನನಗೆ ನಗು ಬರುತ್ತಿತ್ತು. ಈಗ ಯಾರಾದರೂ ಹಾಗೆ ಕರೆದರೆ ಗಡಿಯಾರದ ಕಡೆ ನೋಡುತ್ತೇನೆ.

ಸಂಬಳದ ವಿಷಯವನ್ನು ಸರಿಯಾಗಿ ಬರೆಯಬೇಕು, ಏಕೆಂದರೆ ಸೇರಬೇಕೆನ್ನುವವರು ಮೊದಲು ಕೇಳುವುದು ಅದನ್ನೇ. ಹೊಸದಾಗಿ ಸೇರಿದವನಿಗೆ ಬಸ್ಸಿನ ಡ್ರೈವರಿಗಿಂತ ತುಸು ಕಡಿಮೆ ಸಿಗುತ್ತದೆ. ವರ್ಷ ವರ್ಷ ಸ್ವಲ್ಪ ಏರುತ್ತದೆ. ಬಡ್ತಿ ನಿಧಾನ, ಅಪ್ಪನಿಗೆ ಇಷ್ಟು ವರ್ಷಗಳಲ್ಲಿ ಒಂದೇ ಒಂದು ಬಂದಿದೆ. ಬಟ್ಟೆ ಒಗೆಯಲು ಸಾಬೂನಿನ ಭತ್ಯೆ ಕೊಡುತ್ತಾರೆ. ಅದನ್ನು ಗೊತ್ತು ಮಾಡಿದ ಪುಣ್ಯಾತ್ಮ ಒಂದೇ ಒಂದು ದಿನ ಬಂದು ಈ ಅಂಗಿ ಒಗೆದು ನೋಡಲಿ ಎಂದು ಅಮ್ಮ ಹೇಳುತ್ತಾಳೆ. ಇವೆಲ್ಲಕ್ಕಿಂತ ದೊಡ್ಡದು ಹೊಗೆ ಭತ್ಯೆ. ನಮ್ಮ ಮನೆಗೆ ಬರುವ ಹಣದಲ್ಲಿ ಮೂರರಲ್ಲೊಂದು ಪಾಲು ಅದೇ. ಹೊಗೆಯೊಳಗೆ ಹೋಗುವ ತಂಡದಲ್ಲಿ ಹೆಸರಿರುವವರೆಗೆ ಮಾತ್ರ ಅದು ಬರುತ್ತದೆ. ಇವನು ಒಳಗೆ ಹೋಗಬಾರದು ಎಂದು ಡಾಕ್ಟರು ಬರೆದರೆ ಮಾರನೆಯ ತಿಂಗಳಿಂದಲೇ ನಿಲ್ಲುತ್ತದೆ. ಫೋನು ಎತ್ತುವ ಕೋಣೆಯಲ್ಲಿ ಕೂರಿಸುತ್ತಾರೆ. ತಂಡದಲ್ಲಿ ಇಪ್ಪತ್ತೈದು ವರ್ಷ ತುಂಬಿಸಿದವರಿಗೆ ಹೊಗೆ ಭತ್ಯೆಯನ್ನೂ ಸೇರಿಸಿ ಪಿಂಚಣಿ ಕಟ್ಟುತ್ತಾರೆ. ಒಂದು ದಿನ ಕಡಿಮೆ ಬಿದ್ದರೂ ಸೇರಿಸುವುದಿಲ್ಲ. ಅಪ್ಪನಿಗೆ ಇನ್ನು ಹದಿನಾಲ್ಕು ತಿಂಗಳು ಉಳಿದಿದೆ.

ಕೆಲಸದ ದಿನ ಬೆಳಗ್ಗೆ ಎಂಟಕ್ಕೆ ಹೋದರೆ ಮರುದಿನ ಬೆಳಗ್ಗೆ ಎಂಟಕ್ಕೆ ಬಿಡುತ್ತಾರೆ, ಆಮೇಲೆ ಎರಡು ದಿನ ಮನೆ. ಆ ಎರಡು ದಿನ ಹೆಚ್ಚಿನವರು ಬೇರೆ ಕೆಲಸ ಹಿಡಿಯುತ್ತಾರೆ. ಅಪ್ಪ ಗೋಡೆಗೆ ಬಣ್ಣ ಹೊಡೆಯುತ್ತಾರೆ. ದಿನಾ ಬೆಂಕಿ ಇರುತ್ತದೆ ಎಂದುಕೊಂಡು ಸೇರುವವರಿಗೆ ಬೇಜಾರಾಗುತ್ತದೆ. ಲಿಫ್ಟಿನಲ್ಲಿ ಸಿಕ್ಕಿಕೊಂಡವರು, ನೆಲಮಾಳಿಗೆಗೆ ನುಗ್ಗಿದ ನೀರು, ಒಳಗಿನಿಂದ ಚಿಲಕ ಹಾಕಿಕೊಂಡ ಮಗು, ಇವೇ ಹೆಚ್ಚು. ಉಳಿದ ಹೊತ್ತು ಗಾಡಿ ತೊಳೆಯುವುದು, ಪೈಪು ಒಣಗಿಸುವುದು, ಕಾಯುವುದು. ಅಪ್ಪನ ಜೊತೆಗಾರ ಗುಂಡಣ್ಣ, ತಮಗೆ ಸಂಬಳ ಕೊಡುವುದು ಕಾಯುವುದಕ್ಕೆ, ಬೆಂಕಿ ಆರಿಸುವುದು ಪುಕ್ಕಟೆ ಎಂದು ಹೇಳಿ ತಾವೇ ನಗುತ್ತಾರೆ. ಇನ್ನೊಂದು ವಿಷಯವನ್ನು ಯಾರೂ ಮೊದಲೇ ಹೇಳುವುದಿಲ್ಲ. ಅಪ್ಪ ಯಾರ ಮನೆಗೆ ಹೋದರೂ ಬಾಗಿಲ ಪಕ್ಕದಲ್ಲೇ ಕೂರುತ್ತಾರೆ. ಕೂರುವ ಮೊದಲು ಕಿಟಕಿಯ ಸರಳುಗಳನ್ನು ನೋಡುತ್ತಾರೆ. ನೆಂಟರು ಇದನ್ನು ಸೊಕ್ಕು ಅಂದುಕೊಳ್ಳುತ್ತಾರೆ.

ನಾನು ಶಾಲೆ ಬಿಟ್ಟದ್ದು, ಎದ್ದು ನಿಂತು ಓದು ಎಂದಾಗ ನನಗೆ ದನಿ ಹೊರಡುತ್ತಿರಲಿಲ್ಲ ಎಂಬ ಕಾರಣಕ್ಕೆ. ಮನೆಯಲ್ಲಿ ಹೊಲಿಯುತ್ತಾ ಕೂತಿದ್ದವಳಿಗೆ ಅಪ್ಪ ಠಾಣೆಯ ಉಗ್ರಾಣದಲ್ಲಿ ಕೆಲಸ ಕೊಡಿಸಿದರು. ಹರಿದ ಅಂಗಿಗಳಿಗೆ ತೇಪೆ ಹಾಕುವುದು, ಬೆಳಕಿಗೆ ಹೊಳೆಯುವ ಪಟ್ಟಿಗಳನ್ನು ಮತ್ತೆ ಹೊಲಿಯುವುದು. ಉಗ್ರಾಣದ ಕಿಟಕಿ ಅಂಗಳಕ್ಕೆ ತೆರೆದಿದೆ. ಅಂಗಳದ ಆ ತುದಿಯಲ್ಲಿ ಕಿಟಕಿಯೇ ಇಲ್ಲದ ಒಂದು ಕಾಂಕ್ರೀಟ್ ಕೋಣೆ ಇದೆ. ಶನಿವಾರ ಶನಿವಾರ ಅದರಲ್ಲಿ ಹೊಗೆ ತುಂಬಿಸಿ, ಪಾಳಿ ಇಲ್ಲದವರನ್ನೂ ಕರೆಸಿ ಅಭ್ಯಾಸ ಮಾಡಿಸುತ್ತಾರೆ. ಇಬ್ಬಿಬ್ಬರಾಗಿ ಒಳಗೆ ತೆವಳಬೇಕು, ಇಬ್ಬರಲ್ಲಿ ಯಾರ ಸೀಟಿ ಕೂಗಿದರೂ ಇಬ್ಬರೂ ಹೊರಗೆ ಬರಬೇಕು.

ಕೋಣೆಯ ಬಾಗಿಲಲ್ಲಿ ಹಲಗೆ ಮಾವ ನಿಂತಿರುತ್ತಾರೆ. ಅವರು ಅಪ್ಪನಿಗಿಂತ ಹಿರಿಯರು, ಸೈರನ್ ಕೇಳಿ ಕೇಳಿ ಕಿವಿ ಮಂದವಾಗಿದೆ. ಒಳಗೆ ಹೋಗುವ ಪ್ರತಿಯೊಬ್ಬನೂ ತನ್ನ ಹೆಸರಿನ ಬಿಲ್ಲೆಯನ್ನು ಅವರಿಗೆ ಕೊಡಬೇಕು. ಅವರು ಅದನ್ನು ಹಲಗೆಗೆ ಸಿಕ್ಕಿಸಿ, ಹೋದ ಹೊತ್ತು ಬರೆದು, ಯಾರ ಗಾಳಿ ಎಷ್ಟು ಹೊತ್ತಿಗೆ ಮುಗಿಯುತ್ತದೆಂದು ಲೆಕ್ಕ ಹಾಕುತ್ತಾರೆ. ನಿಜವಾದ ಬೆಂಕಿಯಲ್ಲೂ ಅದೇ ಹಲಗೆ, ಅದೇ ಮಾವ. ಹೊರಗೆ ನಿಂತವರಿಗೆ ಒಳಗಿರುವವರು ಬದುಕಿರುವುದು ಆ ಹಲಗೆಯ ಮೇಲೆ.

ಎಲ್ಲರಿಗೂ ಒಂದೇ ಲೆಕ್ಕ ಹಾಕಬೇಕು ಎಂಬುದು ನಿಯಮ. ಆದರೆ ನಮ್ಮ ಠಾಣೆಯಲ್ಲಿ ಬಿಲ್ಲೆಗಳ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಸಣ್ಣ ಸಣ್ಣ ಅಂಕಿಗಳಿವೆ. ಗುಂಡಣ್ಣನ ಮುಂದೆ ಐದು ಕಡಿಮೆ ಎಂದಿದೆ, ಅಪ್ಪನ ಮುಂದೆ ಎಂಟು ಹೆಚ್ಚು ಎಂದಿದೆ. ಒಂಬತ್ತು ವರ್ಷದ ಹಿಂದೆ ಒಂದು ನೆಲಮಾಳಿಗೆಯಲ್ಲಿ ಉಳಿದವರೆಲ್ಲ ಹೊರಗೆ ಬಂದ ಮೇಲೆ ಅಪ್ಪ ಎಂಟು ನಿಮಿಷ ಹೆಚ್ಚು ಉಳಿದು ಒಬ್ಬ ಕಾವಲುಗಾರನನ್ನು ಜೀವಂತ ಎಳೆದುಕೊಂಡು ಬಂದರು. ಆ ಅಂಕಿ ಹುಟ್ಟಿದ್ದು ಆವತ್ತು. ಆಮೇಲೆ ಒಂದು ಅಭ್ಯಾಸವೂ ಹುಟ್ಟಿತು. ಬೆಂಕಿಯಲ್ಲಿ ಜೊತೆಗಾರನ ಸೀಟಿ ಕೂಗಿದರೆ ಜೊತೆಗಾರ ಒಬ್ಬನೇ ಹೊರಗೆ ಬರುತ್ತಾನೆ, ಮುಂದಿನ ಜೋಡಿ ಬರುವವರೆಗೆ ಜಿಪುಣ ಪೈಪು ಹಿಡಿದು ನಿಂತಿರುತ್ತಾನೆ. ನಿಯಮದಲ್ಲಿ ಇದಿಲ್ಲ. ಯಾರೂ ಬೇಡ ಅಂದೂ ಇಲ್ಲ.

ಇನ್ನು ನಾನು ಕೇಳಿಸಿಕೊಂಡದ್ದನ್ನು ಬರೆಯುತ್ತೇನೆ. ಅಭ್ಯಾಸ ಮುಗಿದ ಮೇಲೆ ಸಿಲಿಂಡರಿನಲ್ಲಿ ಉಳಿದ ಗಾಳಿಯನ್ನು ಅಂಗಳದಲ್ಲಿ ಬಿಟ್ಟು ಖಾಲಿ ಮಾಡುತ್ತಾರೆ. ಆಗ ಎಲ್ಲ ಸೀಟಿಗಳೂ ಒಂದೊಂದಾಗಿ ಕೂಗುತ್ತವೆ. ಮಾತಾಡದೆ ಕೂತವಳಿಗೆ ಕೇಳುವುದೇ ಕೆಲಸ. ಯಾವ ಸೀಟಿ ಯಾರದೆಂದು ನನಗೆ ತಿಳಿದುಹೋಯಿತು. ಗುಂಡಣ್ಣನದು ಗಂಟಲು ಕಟ್ಟಿದ ಹಾಗೆ ಒರಟು. ಅಪ್ಪನ ಸೀಟಿಯ ಬಾಯಿ ಎಲ್ಲೋ ಜಜ್ಜಿದೆ, ಅದರ ಕೂಗು ಎರಡು ದನಿಯಾಗಿ ಒಡೆಯುತ್ತದೆ. ಮಾಸ್ಕು, ಹೆಲ್ಮೆಟ್ಟು, ಕಿವಿ ಮುಚ್ಚುವ ಬಟ್ಟೆ ಹಾಕಿಕೊಂಡವರಿಗೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಎಲ್ಲೋ ಒಂದು ಸೀಟಿ ಕೂಗುತ್ತಿದೆ ಎಂದಷ್ಟೇ ಕೇಳುತ್ತದೆ.

ಎರಡು ವರ್ಷದ ಹಿಂದೆ ನಾನು ಅಲ್ಲಿ ಕೂತಾಗ, ಗುಂಡಣ್ಣ ಮತ್ತು ಅಪ್ಪ ಹೊಗೆ ಕೋಣೆಯಿಂದ ಹೊರಗೆ ಬರುವಾಗ ಒರಟು ಸೀಟಿ ಒಂದೇ ಕೂಗುತ್ತಿತ್ತು. ಅಪ್ಪನ ಸಿಲಿಂಡರಿನಿಂದ ಎಷ್ಟೋ ಹೊತ್ತು ಗಾಳಿ ಬಿಟ್ಟ ಮೇಲೆ ಒಡಕು ದನಿ ಕೇಳುತ್ತಿತ್ತು. ಏಳು ತಿಂಗಳ ಹಿಂದೆ ಒಂದು ಶನಿವಾರ ಬಾಗಿಲಲ್ಲೇ ಎರಡು ಸೀಟಿ ಒಟ್ಟಿಗೆ ಕೇಳಿಸಿತು. ನಾನು ಸೂಜಿಯನ್ನು ಬಟ್ಟೆಯಲ್ಲೇ ನಿಲ್ಲಿಸಿದೆ. ಮೂರು ತಿಂಗಳಿಂದ ಒಡಕು ದನಿ ಒಂದೇ ಹೊರಗೆ ಬರುತ್ತಿದೆ. ಅಪ್ಪ ಬಾಗಿಲು ದಾಟಿದ ಕೂಡಲೇ ಗೋಡೆಯ ಕಡೆ ತಿರುಗಿ ಸಿಲಿಂಡರಿನ ತಿರುಪು ಮುಚ್ಚುತ್ತಾರೆ. ಗಡಿಯಾರ ನೋಡಿದೆ. ಮೊದಲು ಇಪ್ಪತ್ತು ಎಂದು ಬರೆದಿದ್ದೆ, ಅಳಿಸಿದೆ. ಹತ್ತೊಂಬತ್ತು ನಿಮಿಷ.

ಹಲಗೆ ಮಾವ ತಲೆ ಎತ್ತಿ ನೋಡುವುದಿಲ್ಲ. ಜೋಡಿ ಹೊರಗೆ ಬಂದರೆ ಗುಂಡಣ್ಣನ ಗಾಳಿ ಮುಗಿದಿದೆ ಎಂದು ಬರೆಯುತ್ತಾರೆ. ಅಪ್ಪನ ಗಾಳಿಯನ್ನು, ಸಿಲಿಂಡರಿನಲ್ಲಿ ಎಷ್ಟು ಉಳಿದಿದೆ ಎಂದು ತೋರಿಸುವ ಮುಳ್ಳು ನೋಡದೆಯೇ ಬರೆಯುತ್ತಾರೆ. ಒಮ್ಮೆ ಒಬ್ಬರು ನೋಡಿ ಬರೆಯಿರಿ ಎಂದದ್ದಕ್ಕೆ ಅವರು, "ಜಿಪುಣಂದು ನೋಡೋದೇನಿದೆ? ನನ್ ಹೆಂಡ್ತಿ ಮುಖ ಮರೆತ್ರೂ ಅವನ ಲೆಕ್ಕ ಮರೆಯಲ್ಲ" ಎಂದರು. ಗುಂಡಣ್ಣನಂತೂ ತಮ್ಮ ಸೀಟಿ ಕೆಟ್ಟಿದೆ ಎಂದೇ ನಂಬಿದ್ದರು. ಅಂಗಿಗೆ ಗುಂಡಿ ಹೊಲಿಸಲು ಬಂದಾಗ, ತಮ್ಮ ಸೀಟಿ ತಮಗಿಂತ ಮೊದಲೇ ಹೆದರಿಕೊಳ್ಳುತ್ತದೆ ಎಂದು ನನ್ನ ಮುಂದೆ ದೂರಿದರು. ನಾನು ತಲೆ ತಗ್ಗಿಸಿ ಗುಂಡಿ ಹೊಲಿದೆ. ಆಗಲೇ ಹೇಳಿದ್ದರೆ ಎಂದು ಈಗ ಅನ್ನಿಸುತ್ತದೆ.

ಮನೆಯಲ್ಲೂ ಅಪ್ಪನಿಗೆ ಉಸಿರು ಸಾಲದಾಗುತ್ತಿತ್ತು. ನಮ್ಮದು ಮೂರನೆಯ ಮಹಡಿ. ಎರಡನೆಯ ಮಹಡಿಯ ತಿರುವಿನಲ್ಲಿ ನೀರಿನ ಕಂಪನಿಯ ಹಳೆಯ ಸೂಚನಾ ಪತ್ರವೊಂದು ಅಂಟಿಸಿದೆ. ಅಪ್ಪ ದಿನಾ ಅಲ್ಲಿ ನಿಂತು ಅದನ್ನು ಓದುತ್ತಾರೆ. ಬೇಸಿಗೆಯಲ್ಲಿ ಅವರ ತಲೆಯಡಿ ಒಂದು ದಿಂಬು ಇದ್ದದ್ದು ಎರಡಾಯಿತು. ಮೂರನೆಯದನ್ನು ಅಮ್ಮ ತಾನಾಗಿ ತಂದು ಇಟ್ಟಳು. ವರ್ಷಕ್ಕೊಮ್ಮೆ ಕೊಳವೆಯೊಳಗೆ ಊದಿಸಿ ಎದೆ ಪರೀಕ್ಷೆ ಮಾಡುತ್ತಾರೆ. ಈ ವರ್ಷ ಅಪ್ಪ ಆ ದಿನ ಇನ್ನೊಬ್ಬರ ಪಾಳಿ ತೆಗೆದುಕೊಂಡು ತಪ್ಪಿಸಿಕೊಂಡರು.

ಮೂರು ವಾರದ ಹಿಂದೆ, ಮಧ್ಯಾಹ್ನ ಮೂರು ಗಂಟೆಗೆ, ಹಾಸಿಗೆ ಮಾಡುವವರ ಗೋದಾಮಿಗೆ ಬೆಂಕಿ ಬಿತ್ತು. ಹಾಸಿಗೆಯ ಸ್ಪಂಜು ಉರಿದರೆ ಹೊಗೆ ಹಳದಿಯಾಗಿ ನೆಲದವರೆಗೂ ಇಳಿಯುತ್ತದಂತೆ, ಚಾಚಿದ ಕೈ ಕಾಣುವುದಿಲ್ಲವಂತೆ. ಮೊದಲ ಜೋಡಿಯಾಗಿ ಅಪ್ಪ ಮತ್ತು ಗುಂಡಣ್ಣ ಒಳಗೆ ಹೋದರು. ಮುಂದಿನದನ್ನು ಗುಂಡಣ್ಣನೇ ಎರಡು ದಿನದ ನಂತರ ಹರಿದ ತೋಳು ಹೊಲಿಸಲು ಬಂದಾಗ ಹೇಳಿದರು. ತಮಾಷೆ ಎಂದುಕೊಂಡೇ ಹೇಳಿದರು.

ಇಬ್ಬರೂ ಪೈಪು ಎಳೆದುಕೊಂಡು ಗೋದಾಮಿನ ಹಿಂದಿನ ಗೋಡೆಯ ಹತ್ತಿರ ಹೋಗಿದ್ದರು. ಆಗ ಸೀಟಿ ಕೂಗಿತು. ಮುಳ್ಳು ನೋಡೋಣವೆಂದರೆ ಹೊಗೆಯಲ್ಲಿ ಕಾಣಲಿಲ್ಲ. ಕಾಣಬೇಕಾದ ಅಗತ್ಯವೂ ಅವರಿಗೆ ಅನ್ನಿಸಲಿಲ್ಲ. ಇಬ್ಬರಲ್ಲಿ ಒಂದು ಸೀಟಿ ಕೂಗಿದರೆ ಅದು ತಮ್ಮದೇ ಇರಬೇಕು, ಜಿಪುಣನದು ಎಂದಾದರೂ ಮೊದಲು ಕೂಗಿದ್ದುಂಟೇ? ಅಪ್ಪನ ಭುಜಕ್ಕೆ ಎರಡು ಸಲ ತಟ್ಟಿದರು. ನಾನು ಹೊರಟೆ, ನೀನು ಹಿಡಿದುಕೊಂಡಿರು ಎಂದು ಅದರ ಅರ್ಥ. ಅಪ್ಪ ಪೈಪು ಹಿಡಿದುಕೊಂಡರು. ಗುಂಡಣ್ಣ ಪೈಪಿನ ಗುಂಟ ತೆವಳಿಕೊಂಡು ಹೊರಗೆ ಬಂದರು.

"ಹೊರಗೆ ಬಂದು ನೋಡ್ತೀನಿ, ಸೀಟಿ ನಿಂತೇ ಹೋಗಿದೆ ಪುಟ್ಟಿ" ಎಂದು ಅವರು ತೋಳನ್ನು ನನ್ನ ಮುಂದೆ ಚಾಚಿದರು. "ಮುಳ್ಳು ನೋಡಿದ್ರೆ ಗಾಳಿ ಇನ್ನೂ ಇದೆ. ಹಲಗೆ ಮಾವ ಅಂದ, ನಿನ್ ಸೀಟಿಗೂ ನಿನ್ ಥರಾನೇ ಹೊತ್ತಲ್ಲದ ಹೊತ್ತಲ್ಲಿ ಹಸಿವು ಅಂತ."

ನನ್ನ ಕೈಯಲ್ಲಿದ್ದ ದಾರ ಗಂಟಾಯಿತು. ಸೀಟಿ ನಿಂತಿರಲಿಲ್ಲ. ಅದು ಒಳಗೆ, ಹಿಂದಿನ ಗೋಡೆಯ ಹತ್ತಿರ ಕೂಗುತ್ತಲೇ ಇತ್ತು.

ಹಲಗೆ ಮಾವ ಹಲಗೆ ನೋಡಿದರಂತೆ. ಜಿಪುಣನಿಗೆ ಇನ್ನೂ ಹದಿಮೂರು, ಹದಿನಾಲ್ಕು ನಿಮಿಷ ಇದೆ ಎಂದು ಪೆನ್ಸಿಲಿನ ಅಂಕಿ ಹೇಳಿತು. ಮುಂದಿನ ಜೋಡಿ ಅವಸರವಿಲ್ಲದೆ ಮಾಸ್ಕು ಕಟ್ಟಿಕೊಂಡರು. ಅವರು ಒಳಗೆ ಹೋಗುವಾಗ ಇಪ್ಪತ್ತೇಳನೆಯ ನಿಮಿಷ. ಬಾಗಿಲಿನಿಂದ ಹತ್ತು ಹೆಜ್ಜೆ ಒಳಗೆ ಅಪ್ಪ ಪೈಪಿನ ಮೇಲೆ ಎದೆ ಊರಿ ತೆವಳಿ ಬರುತ್ತಿದ್ದರು. ಮಾಸ್ಕು ಕುತ್ತಿಗೆಯಲ್ಲಿ ನೇತಾಡುತ್ತಿತ್ತು. ಸಿಲಿಂಡರಿನಲ್ಲಿ ಏನೂ ಉಳಿದಿರಲಿಲ್ಲ. ಕೊನೆಯ ಅಷ್ಟು ದೂರ ಅವರು ಎಳೆದುಕೊಂಡದ್ದು ಆ ಹಳದಿ ಹೊಗೆಯನ್ನೇ. ಗಾಡಿಯ ಪಕ್ಕದಲ್ಲಿ ಒಂದು ಗಂಟೆ ಆಮ್ಲಜನಕ ಕೊಟ್ಟರು. ಆಸ್ಪತ್ರೆಗೆ ಬೇಡ, ಮಾಸ್ಕು ಜಾರಿತು ಅಷ್ಟೆ ಎಂದು ಅಪ್ಪ ಹೇಳಿದರು, ಎಲ್ಲರೂ ನಂಬಿದರು. ಸಿಲಿಂಡರ್ ಬೇಗ ಖಾಲಿಯಾದದ್ದಕ್ಕೆ, ಎಲ್ಲೋ ಸೋರಿರಬೇಕು ಎಂದರು. ಇಬ್ಬರ ಸೆಟ್ಟುಗಳನ್ನೂ ಪರೀಕ್ಷೆಗೆ ಕಳಿಸಿದರು. ಆಮೇಲಿನ ಶನಿವಾರಗಳಲ್ಲಿ ಅಪ್ಪ ಮಣಿಕಟ್ಟು ನೋವೆಂದು ಅಭ್ಯಾಸ ತಪ್ಪಿಸಿಕೊಂಡು ಗಾಡಿ ಒರೆಸಿದರು.

ಈ ಮಂಗಳವಾರ ಪರೀಕ್ಷೆಯ ವರದಿ ಬಂತು. ಅಂಗಳದಲ್ಲಿ ಹಲಗೆ ಮಾವ ಅದನ್ನು ಜೋರಾಗಿ ಓದಿದರು. ಗುಂಡಣ್ಣನ ಸೀಟಿಯಲ್ಲಿ ದೋಷವಿಲ್ಲ, ಅಪ್ಪನ ಸಿಲಿಂಡರಿನಲ್ಲಿ ಸೋರಿಕೆ ಇಲ್ಲ. ಎರಡೂ ಸೆಟ್ಟು ಸರಿಯಾಗಿವೆ, ಶುಕ್ರವಾರದಿಂದ ಬಳಸಬಹುದು ಎಂದಿತ್ತು.

"ಹಾಗಾದ್ರೆ ಸೀಟಿ ಊದಿದ್ದು ದೆವ್ವಾನೇ ಇರ್ಬೇಕು" ಎಂದರು ಹಲಗೆ ಮಾವ.

ಎಲ್ಲರೂ ನಕ್ಕರು. ಅಪ್ಪನೂ ನಕ್ಕರು. ಅವರ ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ, ಗಾಡಿಯ ಹಿಂದೆ ಹೋದರು. ಉಳಿದವರು ಇನ್ನೂ ನಗುತ್ತಲೇ ಇದ್ದರು. ಹಲಗೆ ಗೋಡೆಗೆ ಒರಗಿತ್ತು. ಎಂಟು ಹೆಚ್ಚು ಎಂಬ ಅಂಕಿ ಮಾಸಿದ್ದನ್ನು ನೋಡಿ ಮಾವ ಪೆನ್ಸಿಲಿನಿಂದ ಅದನ್ನು ಮತ್ತೊಮ್ಮೆ ತಿದ್ದಿ ಕಪ್ಪು ಮಾಡಿದರು.

ಮರುದಿನ ಬೆಳಗ್ಗೆ ಅಪ್ಪ ಪಾಳಿ ಮುಗಿಸಿ ಬರುವ ಹೊತ್ತಿಗೆ ನಾನು ಎರಡನೆಯ ಮಹಡಿಯ ತಿರುವಿನಲ್ಲಿ ಕಾಯುತ್ತಿದ್ದೆ. ಅವರು ಬಂದು ಸೂಚನಾ ಪತ್ರದ ಮುಂದೆ ನಿಂತರು, ಆಮೇಲೆ ನನ್ನನ್ನು ನೋಡಿದರು. ಹೇಳಬೇಕಾದ ಮಾತನ್ನು ಆ ರಾತ್ರಿಯೆಲ್ಲ ಬಾಯಿಪಾಠ ಮಾಡಿದ್ದೆ. ಆದರೂ ಬಾಯಿ ಬಿಡಲು ಹೊತ್ತು ಹಿಡಿಯಿತು.

"ಅಪ್ಪಾ, ಗೋದಾಮಲ್ಲಿ ಕೂಗಿದ್ದು ನಿಮ್ಮ ಸೀಟಿ."

ಅಪ್ಪ ಮೆಟ್ಟಿಲ ಮೇಲೆ ಕೂತರು. ಯಾರು ಹೇಳಿದ್ದು ಎಂದು ಕೇಳಲಿಲ್ಲ. ಉಸಿರು ತಹಬಂದಿಗೆ ಬರುವವರೆಗೆ ಕಾದರು. ನಾನೂ ಪಕ್ಕದಲ್ಲಿ ಕೂತೆ. ಮುಳ್ಳು ತಮಗೂ ಕಾಣುತ್ತಿರಲಿಲ್ಲ, ಆದರೆ ಎದೆಗೆ ಗೊತ್ತಾಗಿತ್ತು ಎಂದರು. ಗುಂಡ ಭುಜ ತಟ್ಟಿದಾಗ ತಾವೇ ಅವನ ಕೈ ಹಿಡಿದು ಹೊರಗೆ ಬರಬೇಕಿತ್ತು, ಬಂದಿದ್ದರೆ ಹೊರಗೆ ಎಲ್ಲರಿಗೂ ಗೊತ್ತಾಗುತ್ತಿತ್ತು, ಅದಕ್ಕೇ ಅಲ್ಲೇ ನಿಂತುಬಿಟ್ಟರಂತೆ. ಬಾಡಿಗೆ, ನನ್ನ ಮುಂದಿನ ದಿನಗಳು, ಪಿಂಚಣಿ ಎಲ್ಲವನ್ನೂ ಹೇಳಿದರು. ನನಗೆ ಅವೆಲ್ಲ ಗೊತ್ತಿತ್ತು.

"ಹದಿನಾಲ್ಕೇ ತಿಂಗಳು ಕಣಮ್ಮ" ಎಂದರು. "ಇಷ್ಟು ವರ್ಷ ಉಳಿಸಿದವನಿಗೆ ಅಷ್ಟು ಉಳಿಸಕ್ಕಾಗಲ್ವಾ?"

ಹತ್ತೊಂಬತ್ತು ನಿಮಿಷ ಎಂದು ನಾನು ಹೇಳಿದೆ. ಹೋದ ಚಳಿಗಾಲಕ್ಕೆ ಎಷ್ಟಿತ್ತು, ಈ ಚಳಿಗಾಲಕ್ಕೆ ಎಷ್ಟಾಗುತ್ತದೆ ಎಂದು ಲೆಕ್ಕ ಹಾಕಿ ಹೇಳಿದೆ. ಆ ಲೆಕ್ಕದಲ್ಲಿ ಅವರ ಉಸಿರು ಹದಿನಾಲ್ಕು ತಿಂಗಳು ಬರುವುದೇ ಇಲ್ಲ. ಅವರು ಗೋಡೆಯ ಮೇಲಿನ ಪತ್ರವನ್ನು ನೋಡುತ್ತಾ ಕೂತರು. ಕೆಳಗೆ ಯಾರೋ ಬಾಗಿಲು ಹಾಕಿದರು, ಸದ್ದು ಮೆಟ್ಟಿಲಗುಂಟ ಮೇಲಕ್ಕೆ ಬಂತು, ಅಪ್ಪ ಅಭ್ಯಾಸದಂತೆ ಎಲ್ಲಿಂದ ಬಂತೆಂದು ತಲೆ ತಿರುಗಿಸಿ ನೋಡಿದರು.

"ನಾನಾಗಿ ಹೇಳಲ್ಲ" ಎಂದರು ಕೊನೆಗೆ. "ನನ್ ಕೈಲಿ ಆಗಲ್ಲ. ನೀನು ಹೇಳಿದ್ರೆ ಸುಳ್ಳು ಅನ್ನಲ್ಲ."

ಆಮೇಲೆ ಎದ್ದು ಮೂರನೆಯ ಮಹಡಿಗೆ ಹತ್ತಿದರು. ಹನ್ನೆರಡು ಮೆಟ್ಟಿಲು, ನಡುವೆ ಎರಡು ಸಲ ನಿಂತರು.

ಈ ಕೆಲಸಕ್ಕೆ ಸೇರಬೇಕೆನ್ನುವವರಿಗೆ ಸೇರಬೇಡಿ ಎಂದು ನಾನು ಹೇಳಲಾರೆ. ಆ ಕಾವಲುಗಾರ ವರ್ಷಕ್ಕೊಮ್ಮೆ ಠಾಣೆಗೆ ಬಂದು ಅಪ್ಪನ ಪಕ್ಕ ಸುಮ್ಮನೆ ಕೂತು ಹೋಗುತ್ತಾರೆ, ಅದೂ ನಿಜ. ಆದರೆ ಸೇರುವ ಮೊದಲು, ಒಳಗೆ ಹೋಗಲಾಗದ ದಿನ ಬಂದರೆ ಎಷ್ಟು ಸಂಬಳ ಕೊಡುತ್ತೀರಿ ಎಂದು ಕೇಳಿಕೊಳ್ಳಿ. ಒಳಗೆ ಹೋಗುವವರ ಸಂಬಳವನ್ನು ಎಲ್ಲರೂ ಹೇಳುತ್ತಾರೆ, ಇದನ್ನು ಕೇಳಿದರೆ ಮಾತ್ರ ಹೇಳುತ್ತಾರೆ. ನಿಮ್ಮ ಹೆಸರಿನ ಮುಂದೆ ಯಾರಾದರೂ ಪೆನ್ಸಿಲಿನಲ್ಲಿ ಅಂಕಿ ಬರೆದರೆ ಅದನ್ನು ಅಳಿಸಲು ಹೇಳಿ. ಅದು ಹೊಗಳಿಕೆ ಆಗಿದ್ದರೂ ಅಳಿಸಲು ಹೇಳಿ.

ಇವತ್ತು ಗುರುವಾರ. ಅಮ್ಮನಿಗೆ ಮಧ್ಯಾಹ್ನ ಎಲ್ಲವನ್ನೂ ಹೇಳಿದೆ. ಅವಳು ಮಡಿಸುತ್ತಿದ್ದ ಅಂಗಿಯನ್ನು ಪೂರ್ತಿ ಮಡಿಸಿಟ್ಟು, ಮನೆ ಚಿಕ್ಕದು ಹುಡುಕೋಣ ಎಂದಳು. ನಾಳೆ ಬೆಳಗ್ಗೆ ಎಂಟಕ್ಕೆ ಅಪ್ಪನ ಪಾಳಿ. ಎಂಟಕ್ಕೆ ಅವರು ತಮ್ಮ ಸೆಟ್ಟು ತೆಗೆದುಕೊಳ್ಳುತ್ತಾರೆ. ಎಂಟೂ ಕಾಲಿಗೆ ಎಲ್ಲಿಂದಾದರೂ ಕರೆ ಬರಬಹುದು.

ನಾನು ಏಳೂವರೆಗೆ ಠಾಣೆಗೆ ಹೋಗುತ್ತೇನೆ. ಹಲಗೆ ಮಾವನ ಕಿವಿಗೆ ಕೇಳುವಷ್ಟು ಜೋರಾಗಿ, ಅಪ್ಪನ ಸೀಟಿ ಹತ್ತೊಂಬತ್ತು ನಿಮಿಷಕ್ಕೆ ಕೂಗುತ್ತದೆ ಎಂದು ಹೇಳುತ್ತೇನೆ. ದನಿ ಹೊರಡದಿದ್ದರೆ ಈ ಹಾಳೆಗಳನ್ನು ಅವರ ಕೈಗೆ ಕೊಟ್ಟು, ಅವರು ಓದಿ ಮುಗಿಸುವವರೆಗೆ ಅಲ್ಲೇ ನಿಂತಿರುತ್ತೇನೆ.